ಒಪ್ಪಿಗೆ ತಾಯಿಯದು, ಅಮಾನತ್ತು ಯಾರದು?

2025ರ ನವೆಂಬರ್ 14ರಂದು, ದೇಶವೆಲ್ಲ ಮಕ್ಕಳ ದಿನ ಆಚರಿಸುತ್ತಿದ್ದಾಗ, ಕೇಂದ್ರ ಸರ್ಕಾರ ‘ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳು’ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಇದೇ ಹೆಸರಿನ ಕಾಯ್ದೆಯನ್ನು ಆಚರಣೆಗೆ ತರುವ ಬಗೆ ಇದರಲ್ಲಿದೆ. ಈ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಮಗುವಿನ ಹೆಸರು, ಫೋನ್ ನಂಬರು, ಭಾವಚಿತ್ರದಂತಹ ಯಾವ ವಿವರವನ್ನೇ ಆಗಲಿ ಬಳಸಿಕೊಳ್ಳುವ ಮೊದಲು ಕಂಪೆನಿಯು ಹೆತ್ತವರಿಂದ ಪರಿಶೀಲನೆಗೆ ಸಿಗುವಂತಹ ಒಪ್ಪಿಗೆ ಪಡೆಯಬೇಕೆಂದು ಅದರ 9ನೇ ಸೆಕ್ಷನ್ ಹೇಳುತ್ತದೆ. ಅಂದರೆ ಇನ್ನು ಮುಂದೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಸಾಮಾಜಿಕ ಜಾಲತಾಣದಲ್ಲಿ ಖಾತೆ ತೆರೆಯಬೇಕಾದರೆ ಮೊದಲು ಅವಳ ತಾಯಿಯೋ ತಂದೆಯೋ ‘ಹೂಂ’ ಅನ್ನಬೇಕು. ತಪ್ಪಿದ ಕಂಪೆನಿಗೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮ ಪ್ರಕಟವಾಗಿ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ, ಈ ಭಾಗ ಜಾರಿಗೆ ಬರಬೇಕು.

ಸುದ್ದಿ ಓದಿದಾಗ ನಮ್ಮಲ್ಲಿ ಅನೇಕರಿಗೆ ಸಮಾಧಾನವಾಯಿತು. ಮಕ್ಕಳು ಫೋನಿಗೆ ಅಂಟಿಕೊಂಡಿದ್ದಾರೆಂದು ದೂರದ ಹೆತ್ತವರಿಲ್ಲ. ಶಾಲೆಯ ಪೋಷಕರ ಸಭೆಯಲ್ಲಿ, ಮದುವೆ ಮನೆಯಲ್ಲಿ, ಜುಮಾ ಮುಗಿಸಿ ಬಂದವರ ಮಾತಿನಲ್ಲಿ ಇದೇ ಅಳಲು. ಕೊನೆಗೂ ಸರ್ಕಾರ ಹೆತ್ತವರ ಕೈಗೆ ಒಂದು ಬೀಗ ಕೊಟ್ಟಿತಲ್ಲ ಎಂದು ನನಗೂ ಅನಿಸಿತ್ತು. ಆದರೆ ನಿಯಮಾವಳಿಯನ್ನು ಕೂತು ಓದಿದ ಮೇಲೆ, ನಮಗೆ ಸಿಕ್ಕಿರುವುದು ಬೀಗವೋ ಅಥವಾ ಬಾಗಿಲು ಕಾಯುವ ಸಂಬಳವಿಲ್ಲದ ಕೆಲಸವೋ ಎಂಬ ಅನುಮಾನ ಬಂತು. ಆ ಅನುಮಾನವನ್ನು ಓದುಗರ ಮುಂದಿಡುವುದಕ್ಕಾಗಿ ಈ ಬರಹ.

ನಿಯಮಾವಳಿಯ 10ನೇ ನಿಯಮದಲ್ಲಿ ಒಂದು ವಿಶೇಷವಿದೆ. ವಿಷಯ ಅರ್ಥವಾಗಲೆಂದು ಅಲ್ಲಿ ನಾಲ್ಕು ಪುಟ್ಟ ಪ್ರಸಂಗಗಳನ್ನು ಕೊಟ್ಟಿದ್ದಾರೆ. ಪಾತ್ರಗಳು ಮೂರೇ. ‘ಸಿ’ ಎಂಬ ಮಗು, ‘ಪಿ’ ಎಂಬ ಪೋಷಕಿ, ‘ಡಿಎಫ್’ ಎಂಬ ಕಂಪೆನಿ. ಈ ಕಾಯ್ದೆಯಲ್ಲಿ ಎಲ್ಲರನ್ನೂ ‘ಅವಳು’ ಎಂದೇ ಕರೆದಿರುವುದರಿಂದ ಪಿ ಕೂಡ ಹೆಂಗಸು. ಮೊದಲ ಪ್ರಸಂಗದಲ್ಲಿ ಸಿ ತಾನು ಮಗುವೆಂದು ಕಂಪೆನಿಗೆ ತಿಳಿಸುತ್ತಾಳೆ. ಪಿ ಮುಂದೆ ಬಂದು ತಾನು ಪೋಷಕಿ, ತನಗೆ ಈಗಾಗಲೇ ಇಲ್ಲಿ ಖಾತೆಯಿದೆ ಎನ್ನುತ್ತಾಳೆ. ಕಂಪೆನಿ ತನ್ನ ಬಳಿಯಿರುವ ಅವಳ ಗುರುತು, ವಯಸ್ಸಿನ ವಿವರ ನಂಬಲರ್ಹವೇ ಎಂದು ನೋಡಿಕೊಳ್ಳುತ್ತದೆ. ಎರಡನೆಯದರಲ್ಲಿ ಪಿಗೆ ಖಾತೆ ಇಲ್ಲ. ಆಗ ಸರ್ಕಾರ ಅಧಿಕಾರ ಕೊಟ್ಟ ಸಂಸ್ಥೆಯ ಮೂಲಕ, ಉದಾಹರಣೆಗೆ ಡಿಜಿಲಾಕರ್‌ನಂತಹ ವ್ಯವಸ್ಥೆಯ ಮೂಲಕ, ಅವಳು ತನ್ನ ಗುರುತನ್ನು ಸಾಬೀತುಪಡಿಸಬೇಕು. ಮೂರು ಮತ್ತು ನಾಲ್ಕನೆಯವು ಇವುಗಳದೇ ಮರುರೂಪ. ಅಲ್ಲಿ ಮಗುವಿನ ಬದಲು ಪೋಷಕಿಯೇ ಮೊದಲು ಮಾತಾಡುತ್ತಾಳೆ, ಅಷ್ಟೆ.

ಕಥೆ ಓದುವ ಅಭ್ಯಾಸವಿರುವವರು ಇವನ್ನೂ ಕಥೆಗಳೆಂದು ಓದಿದರೆ ಎರಡು ಸಂಗತಿ ತಟ್ಟನೆ ಹೊಳೆಯುತ್ತವೆ. ಒಂದು, ಈ ನಾಲ್ಕು ಪ್ರಸಂಗಗಳಲ್ಲಿ ಸುಳ್ಳು ಹೇಳುವ ಮಗುವೇ ಇಲ್ಲ. ಹುಟ್ಟಿದ ವರ್ಷವನ್ನು ಹತ್ತು ವರ್ಷ ಹಿಂದಕ್ಕೆ ತಳ್ಳುವ ಮಗುವಿನ ಮುಂದೆ ಈ ಇಡೀ ವ್ಯವಸ್ಥೆಯ ಬಾಗಿಲು ತೆರೆದುಕೊಳ್ಳುವುದೇ ಇಲ್ಲ. ಎರಡು, ಕಂಪೆನಿ ಪರಿಶೀಲಿಸಬೇಕಾದದ್ದು ಪಿ ವಯಸ್ಕಳೇ, ಅವಳ ಗುರುತು ಸಿಗುತ್ತದೆಯೇ ಎಂಬುದನ್ನು. ಅವಳು ಸಿಯ ತಾಯಿ ಹೌದೇ ಎಂಬುದನ್ನಲ್ಲ. ಪಕ್ಕದ ಮನೆಯ ಅಣ್ಣನೂ ಅಂಗಡಿಯ ಹುಡುಗನೂ ವಯಸ್ಕರೇ. ಅವರಿಗೂ ಗುರುತಿನ ಚೀಟಿ ಇದೆ.

ಇನ್ನು ಈ ಪಿಯನ್ನು ನಮ್ಮ ಊರಿಗೆ ಕರೆತಂದು ನೋಡೋಣ. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ರಸ್ತೆಯ ಒಂದು ಸಣ್ಣ ಪೇಟೆ. ಕಾಫಿ ಕೊಯ್ಲಿನ ದಿನಗಳು. ಮೊಬೈಲ್ ರೀಚಾರ್ಜ್ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ತೋಟದ ಲೈನ್ ಮನೆಯ ಹೆಂಗಸೊಬ್ಬರು ಒಂಬತ್ತನೇ ತರಗತಿಯ ಮಗಳೊಂದಿಗೆ ಬಂದರು. ಫೋನು ತಾಯಿಯದು, ಆದರೆ ಇದ್ದದ್ದು ಮಗಳ ಕೈಯಲ್ಲಿ. ಮಗಳಿಗೆ ಒಂದು ಖಾತೆ ಬೇಕಿತ್ತು. ಅಂಗಡಿಯ ಹುಡುಗ ಕೇಳುವ ಮೊದಲೇ ಹುಟ್ಟಿದ ವರ್ಷ 2000 ಎಂದು ಒತ್ತಿದ. ಓಟಿಪಿ ಬಂತು. ಮಗಳೇ ಓದಿದಳು, ಮಗಳೇ ಹಾಕಿದಳು. ಪರಿಚಯದ ಸಲಿಗೆಯಿಂದ, “ಏನಮ್ಮಾ, ಅವಳು ಏನು ತೆಗೀತಿದಾಳೆ ಗೊತ್ತಾ?” ಎಂದು ಕೇಳಿದೆ. “ನಂಗೆ ಇದೆಲ್ಲ ಗೊತ್ತಾಗಲ್ಲ ಸಾಬ್ರೇ, ಎಲ್ಲ ಅವಳೇ ನೋಡ್ಕೊತಾಳೆ. ಬ್ಯಾಂಕಿಂದೂ ಅವಳೇ, ರೇಷನ್‌ದೂ ಅವಳೇ” ಎಂದು ನಕ್ಕರು. ಆ ನಗುವಿನಲ್ಲಿ ಹೆಮ್ಮೆಯೂ ಇತ್ತು.

ಇದು ಬೇಜವಾಬ್ದಾರಿ ತಾಯಿಯ ಕಥೆಯಲ್ಲ. ಬೆಳಿಗ್ಗೆ ಎದ್ದು ಅಡಿಗೆ ಮುಗಿಸಿ, ದಿನವಿಡೀ ಹಣ್ಣು ಕೊಯ್ದು, ಸಂಜೆ ಚೀಲ ಹೊತ್ತು ತಂದು ತೂಕಕ್ಕೆ ನಿಲ್ಲುವ ಹೆಂಗಸು ಆಕೆ. ಅವಳ ಮನೆಯಲ್ಲಿ ಕಾಗದ ಓದಿ ಹೇಳುವ ಹಿರಿಯಳು ಆ ಹದಿನಾಲ್ಕರ ಮಗಳೇ. ಪಾಸ್‌ಬುಕ್ ನೋಡುವವಳು, ಆಸ್ಪತ್ರೆ ಚೀಟಿ ಓದುವವಳು, ಪಿಂಚಣಿ ಬಂತೇ ಎಂದು ಅಜ್ಜಿಗೆ ಹೇಳುವವಳು ಅವಳೇ. ನಿಯಮಾವಳಿಯ ಪ್ರಕಾರ ತಾಯಿ ಮಗಳಿಗೆ ಒಪ್ಪಿಗೆ ಕೊಡಬೇಕು. ನಮ್ಮ ಗುಡ್ಡಗಳಲ್ಲಿ ಆ ಒಪ್ಪಿಗೆ ಕೊಡುವುದು ಹೇಗೆಂದು ತಾಯಿಗೆ ಹೇಳಿಕೊಡಬೇಕಾದವಳೂ ಮಗಳೇ. ಕಾಯುವವಳೂ ಕಾಯಿಸಿಕೊಳ್ಳುವವಳೂ ಒಬ್ಬಳೇ ಆದಾಗ ಒಪ್ಪಿಗೆ ಎಂಬ ಮಾತಿಗೆ ಅರ್ಥವೇನು?

ಬೇರೆ ಮನೆಗಳನ್ನೂ ನೋಡಬಹುದು. ಚಾರ್ಮಾಡಿ ಘಾಟಿ ಹತ್ತಿ ಬಂದು ಮೂಡಿಗೆರೆ, ಬಣಕಲ್, ಕಳಸದ ಕಡೆ ವ್ಯಾಪಾರಕ್ಕೆ ನೆಲೆಸಿದ ಬ್ಯಾರಿ ಕುಟುಂಬಗಳಲ್ಲಿ ತಂದೆ ಗಲ್ಫಿನಲ್ಲಿರುವುದು ಹೊಸತೇನಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ನಿರ್ಬಂಧವಿರುವುದರಿಂದ ಬೇರೆ ಬೇರೆ ಆ್ಯಪ್ ಹಾಕಿಕೊಂಡು ತಂದೆಯ ಮುಖ ನೋಡಬೇಕು. ಅದನ್ನೆಲ್ಲ ಹಾಕಿಕೊಡುವವರು ಮಕ್ಕಳೇ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶವಿರಬೇಕೆಂದು ಕಾಯ್ದೆ ಹೇಳುತ್ತದೆ. ಒಳ್ಳೆಯದೇ, ಅಲ್ಲಿ ಕನ್ನಡವೂ ಉರ್ದುವೂ ಇವೆ. ಆದರೆ ಬ್ಯಾರಿಯಿಲ್ಲ, ತುಳುವಿಲ್ಲ. ಇದ್ದರೂ ಕಾನೂನಿನ ಭಾಷೆಯಲ್ಲಿ ಬರೆದ ಉದ್ದನೆಯ ನೋಟಿಸನ್ನು ಓದುವವರು ಯಾರು? ನಾವು ಓದು ಬರಹ ಕಲಿತವರೇ ‘ಒಪ್ಪಿದೆ’ ಎಂಬ ಗುಂಡಿ ಒತ್ತುವ ಮೊದಲು ಒಂದು ದಿನವಾದರೂ ಪೂರ್ತಿ ಓದಿದ್ದೇವೆಯೇ?

ವಸತಿ ಶಾಲೆಯ ಮಕ್ಕಳಿದ್ದಾರೆ. ತಿಂಗಳಿಗೊಮ್ಮೆ ಮನೆಗೆ ಬರುವ ಅವರ ‘ಪೋಷಕಿ’ ಯಾರು, ಊರಿನ ತಾಯಿಯೇ, ಹಾಸ್ಟೆಲಿನ ವಾರ್ಡನ್ನೇ? ಅಸ್ಸಾಮಿನಿಂದ ಕೊಯ್ಲಿಗೆ ಬಂದು ಲೈನ್ ಮನೆಗಳಲ್ಲಿರುವ ಕುಟುಂಬಗಳಿವೆ. ಬಂದಲ್ಲೆಲ್ಲ ಗುರುತಿನ ಚೀಟಿ ತೋರಿಸಿ, ತೋರಿಸಿದರೂ ಅನುಮಾನದ ನೋಟ ಎದುರಿಸುವ ಜನ ಅವರು. 2019ರ ಪೌರತ್ವ ಕಾಯ್ದೆಯ ನಂತರ ಕಾಗದಪತ್ರವೆಂದರೆ ಎದೆಬಡಿತ ಹೆಚ್ಚುವ ಮನೆಗಳು ನಮ್ಮ ನಡುವೆ ಎಷ್ಟಿವೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಈಗ ಮಗುವಿನ ವಿವರ ಕಾಪಾಡುವುದಕ್ಕೆಂದು ತಾಯಿಯ ವಿವರವನ್ನೂ ಕಂಪೆನಿಗೆ ಒಪ್ಪಿಸಬೇಕು. ಮೊದಲು ಒಬ್ಬರ ಗುರುತು ಹೋಗುತ್ತಿತ್ತು, ಈಗ ಇಬ್ಬರದು. ಇದೇ ಕಾಯ್ದೆಯಲ್ಲಿ ಬೇರೊಬ್ಬರ ಹೆಸರಿನಲ್ಲಿ ವಿವರ ಕೊಟ್ಟ ನಾಗರಿಕರಿಗೆ 10,000 ರೂಪಾಯಿವರೆಗೆ ದಂಡ ಹಾಕುವ ಅವಕಾಶವೂ ಇದೆ. ಕಂಪೆನಿಯ ಲೆಕ್ಕದಲ್ಲಿ 200 ಕೋಟಿ ಎಷ್ಟೋ ನಾನರಿಯೆ. ಲೈನ್ ಮನೆಯಲ್ಲಿ ಹತ್ತು ಸಾವಿರವೆಂದರೆ ಹೆಚ್ಚು ಕಡಿಮೆ ಒಂದು ತಿಂಗಳ ಕೂಲಿ.

ಹಾಗಾದರೆ ಮಕ್ಕಳನ್ನು ಹಾಗೇ ಬಿಟ್ಟುಬಿಡಬೇಕೇ? ಖಂಡಿತ ಅಲ್ಲ. ಅಪಾಯ ಕಲ್ಪನೆಯದಲ್ಲ. ಇನ್‌ಸ್ಟಾಗ್ರಾಂ ಹದಿಹರೆಯದ ಕೆಲವು ಹೆಣ್ಣುಮಕ್ಕಳಲ್ಲಿ ತಮ್ಮ ದೇಹದ ಬಗ್ಗೆ ಕೀಳರಿಮೆ ಹೆಚ್ಚಿಸುತ್ತಿದೆ ಎಂಬುದು ಆ ಕಂಪೆನಿಯ ಒಳಗಿನ ಅಧ್ಯಯನಗಳಲ್ಲೇ ಇತ್ತೆಂಬುದನ್ನು 2021ರಲ್ಲಿ ಅದರ ಮಾಜಿ ಉದ್ಯೋಗಿ ಫ್ರಾನ್ಸೆಸ್ ಹೌಗೆನ್ ಬಯಲಿಗೆ ತಂದರು. ನಮ್ಮ ಹೈಕೋರ್ಟಿನಲ್ಲೂ ಈ ಮಾತು ಬಂದಿದೆ. 2023ರ ಸೆಪ್ಟೆಂಬರ್ 19ರಂದು ಎಕ್ಸ್ ಕಂಪೆನಿಯ ಮೇಲ್ಮನವಿಯ ವಿಚಾರಣೆ ನಡೆಯುತ್ತಿದ್ದಾಗ, ಶಾಲೆಗೆ ಹೋಗುವ ಮಕ್ಕಳು ಜಾಲತಾಣಗಳ ಚಟಕ್ಕೆ ಬಿದ್ದಿದ್ದಾರೆ, ಮದ್ಯದ ಅಬಕಾರಿ ನಿಯಮಗಳಲ್ಲಿರುವಂತೆ ಇಲ್ಲಿಯೂ ವಯಸ್ಸಿನ ಮಿತಿ ಇರಬೇಕು ಎಂಬರ್ಥದ ಅಭಿಪ್ರಾಯವನ್ನು ನ್ಯಾಯಮೂರ್ತಿಗಳಾದ ಜಿ. ನರೇಂದರ್ ಮತ್ತು ವಿಜಯಕುಮಾರ್ ಎ. ಪಾಟೀಲ್ ಅವರಿದ್ದ ಪೀಠ ಮೌಖಿಕವಾಗಿ ವ್ಯಕ್ತಪಡಿಸಿತು. 13ರೊಳಗಿನ ಮಕ್ಕಳಿಗೆ ನಿಷೇಧ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 4ರಂದು, ಇದು ನೀತಿಯ ವಿಷಯ, ಸಂಸತ್ತೇ ಕಾನೂನು ಮಾಡಲಿ ಎಂದು ಕೈಬಿಟ್ಟಿತು. ನಮ್ಮ ರಾಜ್ಯದಲ್ಲೂ ವಯಸ್ಸಿನ ಮಿತಿಯ ಮಾತು ಸರ್ಕಾರದ ಮಟ್ಟದಲ್ಲೇ ಕೇಳಿಬಂದಿದೆ. ಆದ್ದರಿಂದ ಮಕ್ಕಳಿಗೆ ರಕ್ಷಣೆ ಬೇಕೇ ಬೇಡವೇ ಎಂಬುದು ಇಲ್ಲಿನ ಚರ್ಚೆಯಲ್ಲ. ಆ ರಕ್ಷಣೆಯ ಹೊಣೆ ಯಾರ ತಲೆಯ ಮೇಲಿರಬೇಕು ಎಂಬುದು.

ಹೈಕೋರ್ಟಿನ ಪೀಠ ಮದ್ಯದ ಹೋಲಿಕೆ ಕೊಟ್ಟದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೆಂಡದಂಗಡಿಯವನು ಹುಡುಗನಿಗೆ ಬಾಟಲಿ ಕೊಟ್ಟು, ‘ಅವನ ಅಪ್ಪ ಒಪ್ಪಿದ್ದಾರೆ’ ಎಂದರೆ ನಡೆಯುತ್ತದೆಯೇ? 2003ರ ತಂಬಾಕು ನಿಯಂತ್ರಣ ಕಾಯ್ದೆ 18ರೊಳಗಿನವರಿಗೆ ತಂಬಾಕು ಮಾರಬಾರದೆಂದು ಹೇಳುತ್ತದೆ, ಶಾಲೆಯ ಸುತ್ತ 100 ಗಜದೊಳಗೆ ಅಂಗಡಿಯೇ ಬೇಡವೆನ್ನುತ್ತದೆ. ಅಲ್ಲಿ ಹೆತ್ತವರ ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ. ಬಾಲ್ಯವಿವಾಹದಲ್ಲಿ ತಂದೆ, ತಾಯಿ, ಬಂಧುಬಳಗ ಎಲ್ಲರೂ ಒಪ್ಪಿದ್ದರೂ ಅದು ಅಪರಾಧವೇ. ಮಗುವಿಗೆ ಕೆಡುಕಾಗುತ್ತದೆಂದು ನಿಜವಾಗಿ ನಂಬಿದ ಕಡೆ ನಮ್ಮ ಕಾನೂನು ಕೆಡುಕು ಮಾಡುವವನ ಕೈ ಹಿಡಿಯುತ್ತದೆ, ತಾಯಿಯ ಸಹಿ ಕೇಳುವುದಿಲ್ಲ. ಸಹಿ ಕೇಳುವುದು ಎಲ್ಲಿ? ಎಲ್ಲಿ ವ್ಯಾಪಾರವೂ ನಡೆಯಬೇಕು, ತಪ್ಪಾದರೆ ದೂರು ಬಾರದಂತೆಯೂ ಇರಬೇಕೋ ಅಲ್ಲಿ.

ತೋಟದ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ. 1951ರ ತೋಟ ಕಾರ್ಮಿಕರ ಕಾಯ್ದೆ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಅವರ ಮಕ್ಕಳಿಗೆ ಶಿಶುಮನೆ ನಡೆಸುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತ್ತು. ಆರರಿಂದ ಹನ್ನೆರಡರೊಳಗಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಅವರ ಓದಿನ ಅನುಕೂಲ ಮಾಡಿಕೊಡಬೇಕೆಂದು ರಾಜ್ಯ ಸರ್ಕಾರ ಮಾಲೀಕನಿಗೆ ಹೇಳಬಹುದಿತ್ತು. ಅದು ಎಷ್ಟು ತೋಟಗಳಲ್ಲಿ ಎಷ್ಟು ಚೆನ್ನಾಗಿ ನಡೆಯಿತೆಂಬುದು ಬೇರೆ ಮಾತು. ಆದರೆ ಆ ಕಾನೂನಿನ ನ್ಯಾಯ ಸರಳವಾಗಿತ್ತು: ತಾಯಿಯ ದುಡಿಮೆಯಿಂದ ಲಾಭ ಪಡೆಯುವವನು ಅವಳ ಮಗುವಿನ ಹೊಣೆಯಲ್ಲೂ ಪಾಲು ಹೊರಬೇಕು. ‘ಮಗುವನ್ನು ಗಿಡದ ಬುಡದಲ್ಲಿ ಮಲಗಿಸಲು ನಾನು ಒಪ್ಪಿದ್ದೇನೆ’ ಎಂದು ತಾಯಿಯಿಂದ ಬರೆಸಿಕೊಂಡು ಮಾಲೀಕ ಕೈತೊಳೆದುಕೊಳ್ಳುವಂತಿರಲಿಲ್ಲ. ಆ ಕಾಯ್ದೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಯಿತು. ದತ್ತಾಂಶ ನಿಯಮಗಳು ಹೊರಬಿದ್ದದ್ದು ಅದಕ್ಕೆ ಸರಿಯಾಗಿ ಒಂದು ವಾರ ಮೊದಲು. ಈ ಏಳು ದಿನಗಳ ಅಂತರ ಆಕಸ್ಮಿಕವಿರಬಹುದು. ಆದರೆ ಇವೆರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹೊಣೆ ಎಲ್ಲಿಂದ ಎಲ್ಲಿಗೆ ಜಾರುತ್ತಿದೆ ಎಂಬುದು ಕಾಣುತ್ತದೆ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ 14 ತುಂಬಿದವರು ಅಪಾಯಕಾರಿಯಲ್ಲದ ಕೆಲಸ ಮಾಡಬಹುದು. ಅಂದರೆ ಹದಿನೈದರ ಹುಡುಗ ದುಡಿದು ಕೂಲಿ ತರಬಹುದು, ಆ ಕೂಲಿಯಲ್ಲಿ ಫೋನ್ ಕೊಳ್ಳಬಹುದು. ಆದರೆ ಅದರಲ್ಲಿ ಕ್ರಿಕೆಟ್ ವೀಡಿಯೋ ನೋಡಲು ಒಂದು ಖಾತೆ ತೆರೆಯಬೇಕಾದರೆ ಅವನು ಎಳೆಯ ಮಗು! ದುಡಿಮೆಗೆ ದೊಡ್ಡವನು, ದತ್ತಾಂಶಕ್ಕೆ ಚಿಕ್ಕವನು. ಅಮೆರಿಕ 1998ರಲ್ಲೇ ಇಂಥದ್ದೊಂದು ಕಾನೂನು ತಂದಾಗ ಒಪ್ಪಿಗೆಯ ವಯಸ್ಸನ್ನು 13ಕ್ಕೆ ನಿಲ್ಲಿಸಿತ್ತು. ಯುರೋಪ್ 16 ಎಂದಿಟ್ಟು, ಬೇಕಾದ ದೇಶಗಳು 13ರವರೆಗೆ ಇಳಿಸಿಕೊಳ್ಳಲಿ ಎಂದಿತು. ನಮ್ಮಲ್ಲಿ 2018ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯೇ, ಮಗುವಿನ ಸ್ವತಂತ್ರ ಬೆಳವಣಿಗೆಯ ದೃಷ್ಟಿಯಿಂದ 18 ಹೆಚ್ಚಾಯಿತೆನಿಸಬಹುದೆಂಬುದನ್ನು ಒಪ್ಪಿಕೊಂಡಿತ್ತು. ಆದರೂ 18ರ ಗೆರೆಯೇ ಉಳಿಯಿತು.

ಈ ಗೆರೆಯ ಪೆಟ್ಟು ಹೆಚ್ಚು ಬೀಳುವುದು ಹೆಣ್ಣುಮಕ್ಕಳ ಮೇಲೆ. ಇದನ್ನು ಹೇಳುವಾಗ ಸರ್ಕಾರದತ್ತ ಮಾತ್ರ ಬೆರಳು ತೋರಿಸಿದರೆ ಸಾಲದು, ನಮ್ಮ ಮನೆಗಳೊಳಗೂ ನೋಡಿಕೊಳ್ಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದ ಗಂಡಸರು ಶೇಕಡ 57.1, ಹೆಂಗಸರು ಶೇಕಡ 33.3. ತಾವೇ ಬಳಸುವ ಫೋನಿದ್ದ ಹೆಂಗಸರು ಶೇಕಡ 53.9. ಇಂತಹ ಸಮಾಜದಲ್ಲಿ ‘ಹೆತ್ತವರ ಒಪ್ಪಿಗೆ’ ಎಂದರೆ ಮಗನಿಗೆ ಹನ್ನೆರಡಕ್ಕೇ ಸಿಗುವ, ಮಗಳಿಗೆ ಹದಿನೇಳಾದರೂ ಸಿಗದ ವಸ್ತು. ಮಗ ರಾತ್ರಿ ಒಂದು ಗಂಟೆಯವರೆಗೆ ಆಟವಾಡಿದರೆ ‘ಹುಡುಗರಲ್ಲವೇ’ ಎನ್ನುತ್ತೇವೆ. ಮಗಳು ಗೆಳತಿಯ ಸಂದೇಶಕ್ಕೆ ಉತ್ತರಿಸಿದರೆ ಫೋನು ಕಿತ್ತಿಡುತ್ತೇವೆ, ಕೆಲವೊಮ್ಮೆ ಕಾಲೇಜನ್ನೂ ಬಿಡಿಸುತ್ತೇವೆ. ದೂರದ ಕಾಲೇಜಿಗೆ ಬಸ್ಸಿಲ್ಲದ, ಗ್ರಂಥಾಲಯವಿಲ್ಲದ ಗುಡ್ಡದ ಊರಿನ ಹುಡುಗಿಗೆ ಸ್ಕಾಲರ್‌ಶಿಪ್ಪಿನ ಸುದ್ದಿ, ಪರೀಕ್ಷೆಯ ಪಾಠ, ತನ್ನ ವಯಸ್ಸಿನವರ ಮಾತು ಎಲ್ಲವೂ ಬರುವುದು ಅದೇ ಕಿಂಡಿಯಿಂದ. ಈಗ ಆ ಕಿಂಡಿ ಮುಚ್ಚುವುದಕ್ಕೆ ಕಾನೂನೇ ಹೇಳಿದೆ ಎಂಬ ನೆಪ ಸಿಕ್ಕಂತಾಗುತ್ತದೆ. 2020ರಲ್ಲಿ ಕೊರೋನಾ ಬಂದಾಗ ಇದೇ ಮಕ್ಕಳ ಕೈಗೆ ಫೋನು ಕೊಟ್ಟು, ‘ತರಗತಿ ಇದರಲ್ಲೇ’ ಎಂದವರೂ ನಾವೇ. ನೆಟ್‌ವರ್ಕ್ ಹುಡುಕಿಕೊಂಡು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿದ ಮಕ್ಕಳನ್ನು ಮಲೆನಾಡು ಇಷ್ಟು ಬೇಗ ಮರೆಯಬಾರದು.

ಈಗ ಕಾಯ್ದೆಯ ಒಂದು ಪದದ ಕಡೆ ಗಮನ ಸೆಳೆಯಬೇಕು. ವಿವರ ಪಡೆಯುವ ಕಂಪೆನಿಯನ್ನು ಅದು ವ್ಯಾಪಾರಿ ಎನ್ನುವುದಿಲ್ಲ, ‘ಡಾಟಾ ಫಿಡ್ಯೂಷಿಯರಿ’ ಎನ್ನುತ್ತದೆ. ಅಂದರೆ ಇನ್ನೊಬ್ಬರ ವಸ್ತುವನ್ನು ನಂಬಿಕೆಯ ಮೇಲೆ ಇಟ್ಟುಕೊಂಡವನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಮಾನತ್ತುದಾರ. ಕನ್ನಡದ ಕಚೇರಿ ಭಾಷೆಯಲ್ಲಿ ಅಮಾನತು ಎಂದರೆ ಈಗ ನೌಕರರನ್ನು ಕೆಲಸದಿಂದ ತಡೆಹಿಡಿಯುವುದೆಂದೇ ಆಗಿಬಿಟ್ಟಿದೆ. ಆದರೆ ಮೂಲದಲ್ಲಿ ಅದು ನಂಬಿ ಒಪ್ಪಿಸಿದ ವಸ್ತು. ಪ್ರವಾದಿ ಮುಹಮ್ಮದ್(ಸ) ಅವರನ್ನು ಪ್ರವಾದಿತ್ವಕ್ಕೆ ಮೊದಲೇ ಜನ ಅಲ್ ಅಮೀನ್ ಎಂದು ಕರೆದದ್ದು ಈ ಕಾರಣಕ್ಕೇ. ಮಕ್ಕಾದ ಜನ ಅವರನ್ನು ಊರು ಬಿಡಿಸಿದ ರಾತ್ರಿಯೂ ತಮ್ಮ ಬಳಿ ಆ ಜನ ಇಟ್ಟಿದ್ದ ಅಮಾನತ್ತುಗಳನ್ನು ಮರಳಿಸುವ ಹೊಣೆಯನ್ನು ಹಝ್ರತ್ ಅಲಿಯವರಿಗೆ ವಹಿಸಿ ಹೊರಟರೆಂಬುದನ್ನು ಚರಿತ್ರೆ ಹೇಳುತ್ತದೆ. ಅಮಾನತ್ತಿನ ಗುಣವೇ ಅದು. ಇಟ್ಟವನು ಮರೆತರೂ, ಅರಿಯದಿದ್ದರೂ, ಹಗೆಯಾದರೂ ಇಟ್ಟುಕೊಂಡವನ ಹೊಣೆ ತಪ್ಪುವುದಿಲ್ಲ. ‘ನೀನು ಒಪ್ಪಿದ್ದೆಯಲ್ಲ’ ಎಂದು ಅದನ್ನು ಖರ್ಚು ಮಾಡುವಂತಿಲ್ಲ.

ಹಾಗೆ ನೋಡಿದರೆ 9ನೇ ಸೆಕ್ಷನ್ನಿನ ಜೀವವಿರುವುದು ಒಪ್ಪಿಗೆಯ ಮೊದಲ ಉಪವಿಧಿಯಲ್ಲಲ್ಲ, ಅದರ ನಂತರದ ಎರಡರಲ್ಲಿ. ಮಗುವಿನ ಒಳಿತಿಗೆ ಹಾನಿಯಾಗುವಂತೆ ಅದರ ವಿವರ ಬಳಸಬಾರದು ಎನ್ನುತ್ತದೆ ಒಂದು. ಮಗು ಏನು ನೋಡುತ್ತದೆ, ಎಷ್ಟು ಹೊತ್ತು ನೋಡುತ್ತದೆ ಎಂದು ಬೆನ್ನುಹತ್ತಬಾರದು, ಅದಕ್ಕೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಎನ್ನುತ್ತದೆ ಇನ್ನೊಂದು. ಕಂಪೆನಿಯ ಸಂಪಾದನೆ ಇರುವುದೇ ಈ ಬೆನ್ನುಹತ್ತುವಿಕೆಯಲ್ಲಿ. ಮಗು ಇನ್ನೊಂದು ವೀಡಿಯೋ, ಮತ್ತೊಂದು ವೀಡಿಯೋ ಎಂದು ನೋಡುತ್ತಲೇ ಇರುವಂತೆ ಮಾಡುವ ಯಂತ್ರ ನಿಲ್ಲಬೇಕಾದರೆ ಈ ಎರಡು ಮಾತುಗಳು ಗಟ್ಟಿಯಾಗಬೇಕು. ಆದರೆ ಪತ್ರಿಕೆಗಳಲ್ಲಿ, ಟಿವಿ ಚರ್ಚೆಗಳಲ್ಲಿ, ನಮ್ಮ ನಿಮ್ಮ ಮಾತುಗಳಲ್ಲಿ ಚರ್ಚೆಯಾದದ್ದೆಲ್ಲ ಹೆತ್ತವರ ಒಪ್ಪಿಗೆಯ ಬಗ್ಗೆಯೇ. ಯಂತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ತಾಯಿಗೆ ಕೇಳಿ ಸುಮ್ಮನಾದೆವು. ಆಸ್ಟ್ರೇಲಿಯಾದ ಕಾನೂನು ಈ ಒಂದು ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. 2025ರ ಡಿಸೆಂಬರ್ 10ರಿಂದ ಅಲ್ಲಿ 16ರೊಳಗಿನವರು ಖಾತೆ ಇಟ್ಟುಕೊಳ್ಳದಂತೆ ತಡೆಯುವ ಹೊಣೆ ಕಂಪೆನಿಗಳದು. ಹೆತ್ತವರು ಒಪ್ಪಿದರೂ ವಿನಾಯಿತಿಯಿಲ್ಲ, ಮಗುವಿಗಾಗಲಿ ಹೆತ್ತವರಿಗಾಗಲಿ ದಂಡವೂ ಇಲ್ಲ. ಪೂರ್ತಿ ನಿಷೇಧ ಸರಿಯೆಂದು ನಾನು ಹೇಳುತ್ತಿಲ್ಲ, ಹಳ್ಳಿಯ ಹುಡುಗಿಯ ಕಿಂಡಿಯ ಮಾತು ಅಲ್ಲಿಗೂ ಅನ್ವಯಿಸುತ್ತದೆ. ಆದರೆ ಬೆರಳು ಯಾರ ಕಡೆ ತೋರಿಸಬೇಕೆಂಬುದು ಅವರಿಗೆ ಗೊತ್ತಿದೆ.

ಹೆತ್ತವರ ಪಾತ್ರವೇ ಇಲ್ಲವೆಂದಲ್ಲ. ಅದು ಯಾವ ಬಗೆಯದು ಎಂಬುದಕ್ಕೆ ನಮ್ಮ ಪರಂಪರೆಯಲ್ಲಿ ಒಳ್ಳೆಯ ಮಾದರಿಯಿದೆ. ಕುರ್‌ಆನಿನ ‘ಅನ್ನಿಸಾ’ ಅಧ್ಯಾಯ ಅನಾಥ ಮಕ್ಕಳ ಸೊತ್ತಿನ ಬಗ್ಗೆ ಹೇಳುವಾಗ ಒಂದು ವಯಸ್ಸಿನ ಅಂಕಿಯನ್ನು ಕೊಟ್ಟು ಮುಗಿಸುವುದಿಲ್ಲ. ಮಕ್ಕಳು ಪ್ರಾಯಕ್ಕೆ ಬರುವವರೆಗೂ ಅವರನ್ನು ಪರೀಕ್ಷಿಸುತ್ತಿರಬೇಕು, ವಿವೇಕ ಬಂದಿದೆಯೆಂದು ಕಂಡಾಗ ಸಾಕ್ಷಿಗಳ ಮುಂದೆ ಅವರ ಸೊತ್ತನ್ನು ಅವರಿಗೆ ಒಪ್ಪಿಸಬೇಕು ಎಂಬುದು ಅದರ ಸಾರ. ಕರ್ಮಶಾಸ್ತ್ರಜ್ಞರು ‘ಬುಲೂಗ್’ ಎಂಬ ಪ್ರಾಯವನ್ನೂ ‘ರುಶ್ದ್’ ಎಂಬ ವಿವೇಕವನ್ನೂ ಬೇರೆ ಬೇರೆಯಾಗಿ ಕಂಡದ್ದು ಇದರ ಆಧಾರದಲ್ಲೇ. ಇಲ್ಲಿ ಪೋಷಕನೆಂದರೆ ಗೇಟಿನಲ್ಲಿ ಒಮ್ಮೆ ಸಹಿ ಹಾಕಿ ಹೋಗುವವನಲ್ಲ. ಸ್ವಲ್ಪ ಕೊಟ್ಟು ನೋಡುತ್ತ, ತಿದ್ದುತ್ತ, ಇನ್ನಷ್ಟು ಕೊಡುತ್ತ ಜೊತೆಗೆ ನಡೆಯುವವನು. ಸಾಕ್ಷಿಗಳೂ ಬೇಕೆಂದಿರುವುದರಿಂದ ಅವನ ಮೇಲೆಯೂ ಕಣ್ಣಿದೆ. ಗುಂಡಿಯೊತ್ತುವ ಒಪ್ಪಿಗೆಗೂ ಈ ಪೋಷಣೆಗೂ ಅಜಗಜಾಂತರ.

ನಾಲ್ಕು ಪ್ರಸಂಗಗಳಲ್ಲಿ ಜಾಗವೇ ಸಿಗದ ಮಕ್ಕಳ ಬಗ್ಗೆಯೂ ಹೇಳಬೇಕು. 2022ರ ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ಆ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ಕೊಪ್ಪದ ಕಾಲೇಜಿನಲ್ಲೂ ಕೇಸರಿ ಶಾಲು ಮತ್ತು ಹಿಜಾಬಿನ ವಿವಾದ ಎದ್ದಿತ್ತು. ಫೆಬ್ರವರಿ 14ರಂದು ರಾಜ್ಯದ ಪ್ರೌಢಶಾಲೆಗಳು ಮತ್ತೆ ತೆರೆದಾಗ ಗೇಟಿನಲ್ಲೇ ಶಿರವಸ್ತ್ರ ತೆಗೆಯುತ್ತಿದ್ದ ಹುಡುಗಿಯರ ಮುಂದೆ ಟಿವಿ ಕ್ಯಾಮೆರಾಗಳು ನಿಂತಿದ್ದವು. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳ ಮುಖಗಳು ಮಧ್ಯಾಹ್ನದೊಳಗೆ ದೇಶದ ಫೋನುಗಳಲ್ಲೆಲ್ಲ ಸುತ್ತಿದವು. ಯಾವ ತಾಯಿಯ ಒಪ್ಪಿಗೆಯನ್ನು ಯಾರು ಕೇಳಿದರು? ಆ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಸ್ವಂತ ಖಾತೆಯೂ ಇದ್ದಿರಲಾರದು. ನಿಯಮಾವಳಿಯ ಸಿ ಖಾತೆ ತೆರೆಯಬಯಸುವ ಮಗು. ಖಾತೆಯೇ ಇಲ್ಲದೆ ಮುಖ ಮಾತ್ರ ಊರೂರು ಸುತ್ತಿದ ಮಗುವಿನ ಪ್ರಸಂಗ ಅಲ್ಲಿ ಐದನೆಯದಾಗಿಯೂ ಇಲ್ಲ. ಈ ತಪ್ಪಿನಲ್ಲಿ ನಾವೂ ಪಾಲುದಾರರೇ. ಮಗುವಿನ ಮೊದಲ ಉಪವಾಸ, ಕುರ್‌ಆನ್ ಓದು ಮುಗಿಸಿದ ದಿನ, ಪರೀಕ್ಷೆಯ ಅಂಕಪಟ್ಟಿ, ಕೊನೆಗೆ ಆಸ್ಪತ್ರೆಯ ಹಾಸಿಗೆ, ಎಲ್ಲವನ್ನೂ ಮಗುವನ್ನು ಕೇಳದೆ ಸ್ಟೇಟಸ್ಸಿಗೆ ಹಾಕುವವರು ಹೆತ್ತವರೇ ಅಲ್ಲವೇ?

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಾಗ ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಅವರು ಗೆದ್ದುಕೊಟ್ಟ ಹಕ್ಕು ಮಕ್ಕಳದೂ ಹೌದು. 2027ರ ಮೇವರೆಗೆ ಇರುವ ಸಮಯದಲ್ಲಿ ನಾವು ಸುಮ್ಮನಿರಬೇಕಿಲ್ಲ. ಒಪ್ಪಿಗೆಯ ನೋಟಿಸು ತಾಯಂದಿರಿಗೆ ಕಿವಿಯಲ್ಲಿ ಕೇಳಿ ಅರ್ಥವಾಗುವಂತೆ, ಸರಳ ಕನ್ನಡದ ಧ್ವನಿಯಲ್ಲೂ ಇರಬೇಕೆಂದು ಕೇಳಬಹುದು. ಮಗುವನ್ನು ಬೆನ್ನುಹತ್ತುವ ಕಂಪೆನಿಯ ಮೇಲೆ ಕಳಸದ ತಾಯಿಯೊಬ್ಬಳು ಕನ್ನಡದಲ್ಲೇ ದೂರು ಕೊಡುವಂತಾಗಬೇಕೆಂದು ಒತ್ತಾಯಿಸಬಹುದು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಕುಡಿಯುವ ನೀರು, ಶೌಚಾಲಯದ ಜೊತೆಗೆ ಫೋನಿನಲ್ಲಿ ನಿಮಗೆ ಏನು ತೊಂದರೆಯಾಗುತ್ತಿದೆ ಎಂದು ಅಲ್ಲಿ ಮಕ್ಕಳನ್ನೇ ಕೇಳಬಹುದು. ಇಷ್ಟೆಲ್ಲ ಚರ್ಚೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದೇ ಇದ್ದದ್ದು ಅವರನ್ನೇ. ಮದ್ರಸದ ಉಸ್ತಾದರೂ ಶಾಲೆಯ ಮೇಷ್ಟರೂ ‘ಫೋನ್ ಹರಾಮು’, ‘ಫೋನ್ ಕೆಟ್ಟದ್ದು’ ಎಂದು ಮುಗಿಸದೆ, ಅದರೊಳಗಿನ ಯಂತ್ರ ಹೇಗೆ ನಡೆಯುತ್ತದೆ, ಅದರಿಂದ ಯಾರ ಜೇಬು ತುಂಬುತ್ತದೆ ಎಂದು ಮಕ್ಕಳಿಗೆ ಬಿಡಿಸಿ ಹೇಳಬಹುದು.

ಆ ದಿನ ಅಂಗಡಿಯ ಮುಂದೆ ಬಸ್ಸು ಬರುವುದು ತಡವಾಯಿತು. ಮಗಳು ಫೋನಿನಲ್ಲಿ ಮುಳುಗಿದ್ದಾಗ ಆ ತಾಯಿ ಮೆಲ್ಲಗೆ, “ಸಾಬ್ರೇ, ಅದ್ರಲ್ಲಿ ಏನಾದ್ರೂ ಕೆಟ್ಟದ್ದು ಬಂದ್ರೆ ನಾನು ಯಾರಿಗೆ ಹೇಳ್ಬೇಕು?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಕಾನೂನು ಆಕೆಯಿಂದ ಒಪ್ಪಿಗೆ ಕೇಳುವ ಮೊದಲು ಆಕೆಯ ಈ ಪ್ರಶ್ನೆಗೆ ಉತ್ತರ ಕೊಡಬೇಕು. ಅಮಾನತ್ತು ಇಟ್ಟುಕೊಂಡವರು ಆಕೆಯಲ್ಲ.